ಇನ್‌ಚಾರ್ಜ್ ಮಾಡುವ ಮೊದಲು ಓದಿಸಿ: ಆಸ್ಪತ್ರೆಗಳ ಆಡಳಿತ ಮಂಡಳಿಗಳಿಗೆ ಒಂದು ಬಹಿರಂಗ ಪತ್ರ

ಆಡಳಿತ ಮಂಡಳಿಯ ಸದಸ್ಯರಿಗೆ ನಮಸ್ಕಾರ.

ವಾರ್ಡ್ ಇನ್‌ಚಾರ್ಜ್ ಹುದ್ದೆ ಖಾಲಿಯಾದಾಗ ಹೆಚ್ಚಿನ ಆಸ್ಪತ್ರೆಗಳಲ್ಲಿ ಏನು ನಡೆಯುತ್ತದೆ ಅನ್ನುವುದು ನಿಮಗೂ ಗೊತ್ತು, ನಮಗೂ ಗೊತ್ತು. ಇರುವವರಲ್ಲಿ ಸೀನಿಯರ್ ಯಾರು ಅಂತ ನೋಡುತ್ತೀರಿ. ಕೈಗೆ ಸಿಗದ ರಕ್ತನಾಳಕ್ಕೂ ಒಂದೇ ಸಲಕ್ಕೆ ಕ್ಯಾನುಲಾ (ಡ್ರಿಪ್ ಹಾಕುವ ಸಣ್ಣ ಕೊಳವೆ) ಹಾಕುವವರು, ಡಾಕ್ಟರ ಜೊತೆ ಜಗಳ ಆಡದವರು, ರಜೆ ಜಾಸ್ತಿ ಕೇಳದವರು ಒಬ್ಬರು ಸಿಗುತ್ತಾರೆ. ಅವರ ಕೈಗೆ ಔಷಧಿ ಬೀರುವಿನ ಕೀಲಿಕೈ, ಸ್ಟಾಕ್ ರಿಜಿಸ್ಟರ್ ಮತ್ತು ಡ್ಯೂಟಿ ಚಾರ್ಟ್ ಕೊಡುತ್ತೀರಿ. ನಿನ್ನೆವರೆಗೆ ಆರು ರೋಗಿಗಳನ್ನು ನೋಡುತ್ತಿದ್ದವರು ಇವತ್ತಿನಿಂದ ಇಡೀ ವಾರ್ಡಿಗೆ, ಮೂರೂ ಪಾಳಿಯ ಸಿಬ್ಬಂದಿಗೆ, ದೊಡ್ಡದೊಂದು ಖರ್ಚಿನ ಬಾಬ್ತಿಗೆ ಹೊಣೆ. ಇದಕ್ಕೆ ಅವರಿಗೆ ಸಿಕ್ಕ ತರಬೇತಿ ಅಂದರೆ ಹಳೇ ಇನ್‌ಚಾರ್ಜ್ ಪಕ್ಕ ಕೂತು ಕಳೆದ ಒಂದು ಮಧ್ಯಾಹ್ನ. ಅದೂ ಸಿಕ್ಕಿದರೆ.

ನಾನು ನರ್ಸ್. ವಾರ್ಡಿನಲ್ಲಿ ಕೆಲಸ ಮಾಡಿದ್ದೇನೆ, ಇನ್‌ಚಾರ್ಜ್ ಆಗಿದ್ದೇನೆ, ಆಮೇಲೆ ನರ್ಸಿಂಗ್ ಆಡಳಿತದಲ್ಲಿ ಸ್ನಾತಕೋತ್ತರ ಓದಿದ್ದೇನೆ. ಈಗ ಅದೇ ವಿಷಯ ಕಲಿಸುತ್ತೇನೆ. ನಿಮ್ಮನ್ನು ಕೇಳುವುದು ಇಷ್ಟೇ. ರೋಗಿಯನ್ನು ನೋಡಿಕೊಳ್ಳುವುದು ಒಂದು ಕೆಲಸ, ನೋಡಿಕೊಳ್ಳುವವರನ್ನು ನಡೆಸುವುದು ಬೇರೆಯೇ ಕೆಲಸ ಅಂತ ಒಪ್ಪಿಕೊಳ್ಳಿ. ಹುದ್ದೆ ಕೊಡುವ ಮೊದಲು ಅದಕ್ಕೆ ಬೇಕಾದ ಓದು ಓದಿಸಿ. ಓದಿ ಬಂದ ಮೇಲೆ ಆ ಓದಿಗೆ ತಕ್ಕ ಅಧಿಕಾರ ಕೊಡಿ. ಎರಡರಲ್ಲಿ ಒಂದನ್ನು ಮಾತ್ರ ಮಾಡಿದರೆ ದುಡ್ಡು ದಂಡ.

ಯಾಕೆ ಬೇರೆ ಕೆಲಸ ಅಂತೀನಿ ಅನ್ನುವುದಕ್ಕೆ ಡ್ಯೂಟಿ ಚಾರ್ಟನ್ನೇ ತೆಗೆದುಕೊಳ್ಳೋಣ. ನೀವು ಪ್ರತಿ ವರ್ಷ ಸಹಿ ಹಾಕುವ ಹುದ್ದೆಗಳ ಪಟ್ಟಿ ಹುಟ್ಟುವುದು ಇಲ್ಲಿಂದ.

30 ಹಾಸಿಗೆಯ ವಾರ್ಡ್ ಅಂತ ಇಟ್ಟುಕೊಳ್ಳಿ. ಆರು ರೋಗಿಗಳಿಗೆ ಒಬ್ಬ ನರ್ಸ್ ಅಂತ ನೀವೇ ನಿಯಮ ಮಾಡಿದ್ದೀರಿ. ಒಂದು ಪಾಳಿಗೆ 5 ಜನ. ದಿನಕ್ಕೆ ಮೂರು ಪಾಳಿ, ಅಂದರೆ 15 ಜನ. ಹಣಕಾಸು ವಿಭಾಗ 15 ಹುದ್ದೆ ಮಂಜೂರು ಮಾಡಿ ಕೈ ತೊಳೆದುಕೊಳ್ಳುತ್ತದೆ. ಕಾಗದದ ಮೇಲೆ ಎಲ್ಲ ಸರಿ ಇದೆ, ಅಲ್ವಾ?

ಆದರೆ ವಾರ್ಡಿಗೆ ಭಾನುವಾರ ಇಲ್ಲ, ನರ್ಸಿಗೆ ವಾರದ ರಜೆ ಇದೆ. ವರ್ಷದ 365 ದಿನದಲ್ಲಿ ವಾರದ ರಜೆ 52 ಹೋಯಿತು. ಗಳಿಕೆ ರಜೆ ಒಂದು 30, ಸಾರ್ವತ್ರಿಕ ರಜೆ ಒಂದು 12, ಹುಷಾರಿಲ್ಲದ ದಿನ ಮತ್ತು ತರಬೇತಿ ಸೇರಿ ಒಂದು 11 ಅಂತ ಹಿಡಿಯೋಣ. ಉಳಿದದ್ದು 260 ದಿನ. ವಾರ್ಡಿಗೆ ವರ್ಷಕ್ಕೆ ಬೇಕಾದದ್ದು 15 ಗುಣಿಸು 365, ಅಂದರೆ 5475 ಪಾಳಿಗಳು. ಅದನ್ನು 260ರಿಂದ ಭಾಗಿಸಿ. 21 ಬರುತ್ತದೆ. ನೀವು ಕೊಟ್ಟಿದ್ದು 15. ವರ್ಷಕ್ಕೆ 1575 ಪಾಳಿಗಳಿಗೆ ಜನವೇ ಇಲ್ಲ. ದಿನದ ಲೆಕ್ಕಕ್ಕೆ ತಂದರೆ ನಾಲ್ಕಕ್ಕಿಂತ ಜಾಸ್ತಿ ಜಾಗ ಖಾಲಿ. ಇದರಲ್ಲಿ ಹೆರಿಗೆ ರಜೆ ಸೇರಿಲ್ಲ. ಕೆಲಸ ಬಿಟ್ಟು ಹೋದವರ ಜಾಗಕ್ಕೆ ಹೊಸಬರು ಬರುವ ತನಕದ ತಿಂಗಳುಗಳು ಸೇರಿಲ್ಲ. ಹೊಸಬರು ಬಂದ ಮೇಲೆ ಕೆಲಸ ಕಲಿಯುವ ವಾರಗಳೂ ಸೇರಿಲ್ಲ.

ಆ ಖಾಲಿ ಜಾಗ ತುಂಬುವವರು ಯಾರು? ಇನ್‌ಚಾರ್ಜ್ ತುಂಬುತ್ತಾರೆ. ಒಬ್ಬರಿಗೆ ಫೋನ್ ಮಾಡಿ ರಜೆ ರದ್ದು ಮಾಡಿಸುತ್ತಾರೆ. ಇನ್ನೊಬ್ಬರಿಗೆ ಸಂಜೆ ಪಾಳಿ ಮುಗಿದ ಮೇಲೆ ನೈಟ್ ಡ್ಯೂಟಿಗೂ ನಿಲ್ಲಲು ಹೇಳುತ್ತಾರೆ. ಪಕ್ಕದ ವಾರ್ಡಿನಿಂದ ಒಬ್ಬರನ್ನು ಎರವಲು ತರುತ್ತಾರೆ. ಕೊನೆಗೆ ಯಾರೂ ಸಿಗದಿದ್ದಾಗ ತಾವೇ ಔಷಧಿ ಟ್ರಾಲಿ ತಳ್ಳುತ್ತಾರೆ. ತಿಂಗಳ ಕೊನೆಯಲ್ಲಿ ಓವರ್‌ಟೈಮ್ ಬಿಲ್ ನೋಡಿ "ನಿಮಗೆ ಸಿಬ್ಬಂದಿ ನಿರ್ವಹಣೆ ಬರಲ್ಲ" ಅಂತ ಅವರಿಗೇ ಮೆಮೊ ಕೊಡುತ್ತೀರಿ.

ಮಧ್ಯರಾತ್ರಿಯ ಗಣತಿ ಅನ್ನುವ ಇನ್ನೊಂದು ತಮಾಷೆ ಇದೆ. ರಾತ್ರಿ 12ಕ್ಕೆ ವಾರ್ಡಿನಲ್ಲಿ ಎಷ್ಟು ರೋಗಿಗಳಿದ್ದಾರೆ ಅಂತ ಎಣಿಸಿ, ಅದರ ಮೇಲೆ ನರ್ಸ್‌ಗಳ ಸಂಖ್ಯೆ ನಿಗದಿ ಮಾಡುವ ಪದ್ಧತಿ ಪ್ರಪಂಚದ ಎಷ್ಟೋ ಕಡೆ ಇದೆ. ಬೆಳಗ್ಗೆ 11ಕ್ಕೆ ಒಬ್ಬರು ಡಿಸ್ಚಾರ್ಜ್ ಆಗುತ್ತಾರೆ. ಮಧ್ಯಾಹ್ನ 2ಕ್ಕೆ ಅದೇ ಹಾಸಿಗೆಗೆ ಆಪರೇಷನ್ ಮುಗಿಸಿಕೊಂಡು ಇನ್ನೊಬ್ಬರು ಬರುತ್ತಾರೆ. ಗಣತಿಯಲ್ಲಿ ಇದು ಒಂದೇ ತಲೆ. ವಾರ್ಡಿನಲ್ಲಿ ಇದು ಎರಡು ಜನರ ಕೆಲಸ. ಅದೂ ದಿನದ ಅತಿ ಹೆಚ್ಚು ಕೆಲಸ ಬೇಡುವ ಎರಡು ಹೊತ್ತು: ಕಳಿಸಿಕೊಡುವುದು ಮತ್ತು ಬರಮಾಡಿಕೊಳ್ಳುವುದು. ಡಿಸ್ಚಾರ್ಜ್ ಸಮರಿ ಬಂತಾ, ಮಾತ್ರೆ ಹೇಗೆ ನುಂಗಬೇಕು ಅಂತ ಮನೆಯವರಿಗೆ ಹೇಳಿಯಾಯಿತಾ, ಹೊಸ ರೋಗಿಯ ಬಿಪಿ 15 ನಿಮಿಷಕ್ಕೊಮ್ಮೆ ನೋಡಿಯಾಯಿತಾ? ಅಷ್ಟರಲ್ಲಿ ಪಕ್ಕದ ಹಾಸಿಗೆಯ ಡ್ರಿಪ್ ಮುಗಿದು ಅಲಾರಂ ಹೊಡೆದುಕೊಳ್ಳುತ್ತಿರುತ್ತದೆ.

ವಾರ್ಡಿನಲ್ಲಿರುವ ಯಾವ ನರ್ಸಿಗೂ ಇದು ಮೈಗೆ ಗೊತ್ತು. ಕಾಲು ನೋಯುತ್ತದಲ್ಲ, ಹಾಗೆ ಗೊತ್ತು. ಆದರೆ ಇದನ್ನೇ ಅಂಕಿಗಳಲ್ಲಿ ಬರೆದು, ನಿಮ್ಮ ಮೇಜಿನ ಮೇಲಿಟ್ಟು, "15 ಅಲ್ಲ ಸಾರ್, 21 ಬೇಕು, ಲೆಕ್ಕ ಇಲ್ಲಿದೆ" ಅನ್ನಲು ಬೇರೆ ವಿದ್ಯೆ ಬೇಕು. ಆ ವಿದ್ಯೆ ಕಲಿಸದೆ ಕೂರಿಸಿದ್ದಕ್ಕೇ ಅವರು ನಿಮ್ಮ ಮುಂದೆ ಬಂದು "ತುಂಬಾ ಕಷ್ಟ ಆಗ್ತಿದೆ ಸಾರ್" ಅಂತಷ್ಟೇ ಹೇಳಿ ಹೋಗುತ್ತಾರೆ. ನೀವು "ಅಡ್ಜಸ್ಟ್ ಮಾಡಿಕೊಳ್ಳಿ" ಅನ್ನುತ್ತೀರಿ.

ಒಳ್ಳೆಯ ಸ್ನಾತಕೋತ್ತರ ಕೋರ್ಸು ಕಲಿಸುವುದು ಈ ವಿದ್ಯೆಯನ್ನೇ. ಸಿಬ್ಬಂದಿ ಲೆಕ್ಕ, ಬಜೆಟ್, ಗುಣಮಟ್ಟ ಅಳೆಯುವ ಬಗೆ, ರೋಗಿ ಸುರಕ್ಷತೆ, ಕಾನೂನು, ಮಾಹಿತಿ ತಂತ್ರಜ್ಞಾನ, ಜನರ ಜೊತೆ ಮಾತುಕತೆ, ಬದಲಾವಣೆ ತರುವ ರೀತಿ, ಹಾಗೇ ಸಂಶೋಧನೆ ಓದಿ ತೂಗುವ ಅಭ್ಯಾಸ. ಕೆಲವು ವಿಶ್ವವಿದ್ಯಾಲಯಗಳಲ್ಲಿ ಇದನ್ನು ಎಂಬಿಎ ಜೊತೆ ಜೋಡಿಸಿ ಎರಡು ಪದವಿ ಕೊಡುತ್ತಾರೆ. ಇನ್ನೂ ಮೇಲಕ್ಕೆ ಹೋಗುವವರಿಗೆ ಡಾಕ್ಟರೇಟ್ ಮಟ್ಟದ ಕೋರ್ಸುಗಳಿವೆ. ಪಠ್ಯಕ್ರಮದ ಪಟ್ಟಿ ಯಾವ ಕಾಲೇಜಿನ ಕೈಪಿಡಿಯಲ್ಲೂ ಸಿಗುತ್ತದೆ. ಅದರಿಂದ ವಾರ್ಡಿನಲ್ಲಿ ಏನು ಬದಲಾಗುತ್ತದೆ ಅಂತ ಮಾತ್ರ ಎರಡು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ಗ್ಲೌಸ್. ತಿಂಗಳ ವರದಿಯಲ್ಲಿ ಒಂದು ವಾರ್ಡಿನ ಗ್ಲೌಸ್ ಖರ್ಚು ಬಜೆಟ್ ಮೀರಿದೆ. ಓದಿಲ್ಲದ ಇನ್‌ಚಾರ್ಜ್ ಏನು ಮಾಡುತ್ತಾರೆ? ಹೆದರುತ್ತಾರೆ. ಗ್ಲೌಸ್ ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಕೇಳಿದವರಿಗೆ ಎರಡೆರಡು ಜೊತೆ ಎಣಿಸಿ ಕೊಡುತ್ತಾರೆ. ಮುಂದಿನ ತಿಂಗಳು ಖರ್ಚು ಇಳಿಯುತ್ತದೆ, ಸೋಂಕು ಏರುತ್ತದೆ. ಓದಿದವರು ವರದಿ ತೆಗೆದು ನೋಡುತ್ತಾರೆ. ಖರೀದಿ ದರ ಏರಿದ್ದರಿಂದ ಹೀಗಾಯಿತಾ, ರೋಗಿಗಳ ಸಂಖ್ಯೆ ಏರಿದ್ದರಿಂದಲಾ, ಒಬ್ಬೊಬ್ಬ ರೋಗಿಗೆ ಬಳಕೆ ಏರಿದ್ದರಿಂದಲಾ ಅಂತ ಬಿಡಿಸುತ್ತಾರೆ. ಆಮೇಲೆ ಎರಡು ಸಾಲು ಬರೆಯುತ್ತಾರೆ: "ಔಷಧಿಗೆ ಬಗ್ಗದ ಸೋಂಕಿನ ಇಬ್ಬರು ರೋಗಿಗಳು ಈ ತಿಂಗಳು ಐಸೊಲೇಷನ್‌ನಲ್ಲಿದ್ದರು. ಬಳಕೆ ಏರಿದ್ದು ಆ ಎರಡು ಹಾಸಿಗೆಗಳಲ್ಲಿ ಮಾತ್ರ." ಇಷ್ಟೇ. ಈ ಎರಡು ಸಾಲು ನಿಮ್ಮ ಹಣಕಾಸು ಅಧಿಕಾರಿ ಬರೆಯಲಾರರು, ಅವರಿಗೆ ಹಾಸಿಗೆ ಗೊತ್ತಿಲ್ಲ. ಓದದ ಇನ್‌ಚಾರ್ಜ್ ಕೂಡ ಬರೆಯಲಾರರು, ಅವರಿಗೆ ವರದಿ ಓದಲು ಯಾರೂ ಕಲಿಸಿಲ್ಲ.

ಎರಡನೆಯದು ತಪ್ಪು ಔಷಧಿ. ನರ್ಸ್ ಒಬ್ಬರು ಒಂದು ಆಂಪ್ಯೂಲ್ (ಇಂಜೆಕ್ಷನ್ ಔಷಧಿಯ ಪುಟ್ಟ ಗಾಜಿನ ಸೀಸೆ) ಬದಲು ಇನ್ನೊಂದನ್ನು ಒಡೆದು ಸಿರಿಂಜಿಗೆ ಎಳೆದುಕೊಂಡರು ಅಂತಿಟ್ಟುಕೊಳ್ಳಿ. ಪುಣ್ಯಕ್ಕೆ ರೋಗಿಗೆ ಹೋಗುವ ಮೊದಲು ಗೊತ್ತಾಯಿತು. ನಮಗೆ ರೂಢಿಯಾಗಿರುವ ದಾರಿ ಅಂದರೆ ಎಲ್ಲರೆದುರು ಬೈದು, ವಿವರಣೆ ಬರೆಸಿಕೊಂಡು, ಫೈಲಿಗೆ ಹಾಕುವುದು. ಅವತ್ತಿನಿಂದ ಆ ವಾರ್ಡಿನಲ್ಲಿ ಯಾರೂ ತಪ್ಪು ಹೇಳಿಕೊಳ್ಳುವುದಿಲ್ಲ. ಓದಿದ ಇನ್‌ಚಾರ್ಜ್ ಕೇಳುವ ಪ್ರಶ್ನೆಗಳು ಬೇರೆ. ಆ ಎರಡು ಆಂಪ್ಯೂಲ್ ಒಂದೇ ಟ್ರೇಯಲ್ಲಿ ಅಕ್ಕಪಕ್ಕ ಯಾಕಿದ್ದವು? ನೋಡಲು ಒಂದೇ ಥರ ಇವೆಯಾ? ಔಷಧಿ ಎಳೆಯುವಾಗ ಇವರನ್ನು ಯಾರಾದರೂ ಕರೆದರಾ? ಆ ಹೊತ್ತಿನಲ್ಲಿ ಇವರ ಕೈಯಲ್ಲಿ ಎಷ್ಟು ರೋಗಿಗಳಿದ್ದರು? ಸತತ ಎಷ್ಟನೇ ನೈಟ್ ಇದು? ತೆಳು ಮಾಡದೆ ರಕ್ತನಾಳಕ್ಕೆ ಹೋದರೆ ಜೀವ ತೆಗೆಯಬಲ್ಲ ಗಾಢ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣವನ್ನು ಸಾಮಾನ್ಯ ವಾರ್ಡಿನ ಬೀರುವಿನಿಂದಲೇ ಹೊರಗಿಡಬೇಕು ಅನ್ನುವ ನಿಯಮ ಇವತ್ತು ಎಷ್ಟೋ ಆಸ್ಪತ್ರೆಗಳಲ್ಲಿ ಇದೆ. ಹುಷಾರಾಗಿರಿ ಅಂತ ಹೇಳಿ ಹೇಳಿ ಸಾಕಾಗಿ, ಸಾಮಾನು ಇಡುವ ಜಾಗವನ್ನೇ ಬದಲಿಸಿದ್ದರಿಂದ ಬಂದ ನಿಯಮ ಅದು. 1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಹೊರತಂದ ವರದಿ ಆ ದೇಶದ ಆಸ್ಪತ್ರೆಗಳಲ್ಲಿ ವರ್ಷಕ್ಕೆ 44,000ದಿಂದ 98,000 ಜನ ವೈದ್ಯಕೀಯ ತಪ್ಪುಗಳಿಂದ ಸಾಯುತ್ತಿರಬಹುದು ಅಂತ ಅಂದಾಜು ಮಾಡಿತ್ತು. ಹೆಚ್ಚಿನ ತಪ್ಪುಗಳಿಗೆ ಕಾರಣ ವ್ಯವಸ್ಥೆ, ಬೇಜವಾಬ್ದಾರಿ ಮನುಷ್ಯರಲ್ಲ ಅಂತಲೂ ಅದು ಹೇಳಿತು.

"ಇದೆಲ್ಲ ಹೊಸ ಕಾಲದ ಫ್ಯಾಷನ್" ಅನ್ನುವವರಿದ್ದಾರೆ. ನನಗೆ ನಗು ಬರುತ್ತದೆ. 1899ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ನರ್ಸ್‌ಗಳಿಗಾಗಿ ಒಂದು ಕೋರ್ಸು ಶುರುವಾಯಿತು. ಇಸಬೆಲ್ ಹ್ಯಾಂಪ್ಟನ್ ರಾಬ್ ಅನ್ನುವ ನರ್ಸ್ ಮತ್ತು ಜೊತೆಗಾರರು ಹಟ ಹಿಡಿದು ತಂದ ಕೋರ್ಸು. ನರ್ಸ್‌ಗಳಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದ ಆ ಕೋರ್ಸಿನ ವಿಷಯ ಏನು ಗೊತ್ತಾ? ಆಸ್ಪತ್ರೆ ಅರ್ಥಶಾಸ್ತ್ರ. ನರ್ಸಿಂಗ್ ಶಾಲೆ ನಡೆಸುವವರನ್ನು, ಆಸ್ಪತ್ರೆಯ ನರ್ಸಿಂಗ್ ವಿಭಾಗ ನಡೆಸುವವರನ್ನು ತಯಾರು ಮಾಡುವುದೇ ಅದರ ಗುರಿ. 1907ರಲ್ಲಿ ಅಲ್ಲಿಗೆ ಬಂದ ಅಡಿಲೇಡ್ ನಟಿಂಗ್ ಪ್ರಪಂಚದಲ್ಲೇ ಪ್ರೊಫೆಸರ್ ಆದ ಮೊದಲ ನರ್ಸ್. ಹಾಸಿಗೆ ಪಕ್ಕದ ಕೆಲಸ ವಾರ್ಡಿನಲ್ಲಿ ಕಲಿಯಬಹುದು, ಆಡಳಿತಕ್ಕೆ ಮಾತ್ರ ಓದಲೇಬೇಕು ಅಂತ 120 ವರ್ಷದ ಹಿಂದೆಯೇ ಆ ಹೆಂಗಸರಿಗೆ ಹೊಳೆದಿತ್ತು.

ಅವರಿಗಿಂತ ಮುಂಚೆ, ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಇದ್ದೇ ಇದ್ದಾರೆ. ದೀಪ ಹಿಡಿದ ಚಿತ್ರ ಎಲ್ಲರ ಗೋಡೆ ಮೇಲೂ ಇದೆ. ಅಂಕಿ ಹಿಡಿದು ಸರ್ಕಾರದ ಜೊತೆ ಗುದ್ದಾಡಿದ ನೈಟಿಂಗೇಲ್ ಚಿತ್ರ ಯಾರ ಗೋಡೆ ಮೇಲೂ ಇಲ್ಲ. 1859ರಲ್ಲಿ ಬರೆದ ಪುಸ್ತಕದಲ್ಲಿ ಸಣ್ಣಪುಟ್ಟ ನಿರ್ವಹಣೆ ಅಂತಲೇ ಒಂದು ಅಧ್ಯಾಯ ಇಟ್ಟಿದ್ದಾರೆ. ನೀವು ಇದ್ದಾಗ ನಡೆಯುವ ಕೆಲಸ ನೀವು ಇಲ್ಲದಾಗಲೂ ನಡೆಯುವ ಹಾಗೆ ನೋಡಿಕೊಳ್ಳಲು ಬಾರದಿದ್ದರೆ, ಉಳಿದ ಒಳ್ಳೆಯ ಶುಶ್ರೂಷೆ ಎಲ್ಲ ಹಾಳಾಗಬಹುದು ಅನ್ನುವುದು ಅಲ್ಲಿನ ಮಾತು. ಇನ್‌ಚಾರ್ಜ್ ರಜೆ ಹಾಕಿದ ದಿನ ನಿಮ್ಮ ವಾರ್ಡ್ ಹೇಗಿರುತ್ತದೆ ಅಂತ ಒಮ್ಮೆ ಹೋಗಿ ನೋಡಿ.

ಇನ್ನು ನಿಮಗೆ ಇಷ್ಟವಾಗುವ ಭಾಷೆಗೆ, ಅಂದರೆ ಅಂಕಿಗಳಿಗೆ ಬರೋಣ. ಲಿಂಡಾ ಏಕೆನ್ ಅನ್ನುವ ಸಂಶೋಧಕಿ, ಅವರೂ ನರ್ಸೇ, ಮತ್ತು ಅವರ ತಂಡ 2014ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಯುರೋಪಿನ 9 ದೇಶ, 300 ಆಸ್ಪತ್ರೆ, ಆಪರೇಷನ್ ಆದ 4 ಲಕ್ಷಕ್ಕೂ ಹೆಚ್ಚು ರೋಗಿಗಳು. ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಜಾಸ್ತಿಯಾದಾಗೆಲ್ಲ 30 ದಿನದೊಳಗೆ ರೋಗಿ ಸಾಯುವ ಸಂಭವ ಶೇ. 7ರಷ್ಟು ಏರುವುದು ಕಂಡುಬಂತು. ಪದವಿ ಓದಿದ ನರ್ಸ್‌ಗಳ ಪಾಲು ಶೇ. 10ರಷ್ಟು ಏರಿದಾಗೆಲ್ಲ ಆ ಸಂಭವ ಶೇ. 7ರಷ್ಟು ಇಳಿದಿತ್ತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯ 2016ರಲ್ಲಿ 27 ಸರ್ಕಾರಿ ಆಸ್ಪತ್ರೆಗಳಲ್ಲಿ ಒಬ್ಬ ನರ್ಸಿಗೆ ಸರಾಸರಿ ಹಗಲು 4, ರಾತ್ರಿ 7 ರೋಗಿಗಳಿಗಿಂತ ಜಾಸ್ತಿ ಇರಬಾರದು ಅಂತ ನಿಯಮ ಮಾಡಿತು. 2021ರಲ್ಲಿ ಬಂದ ಅಧ್ಯಯನದ ಪ್ರಕಾರ ಸಾವು ಕಡಿಮೆಯಾಯಿತು, ರೋಗಿಗಳು ಬೇಗ ಮನೆಗೆ ಹೋದರು, ಮತ್ತೆ ದಾಖಲಾಗುವುದು ಹೋಲಿಕೆಗೆ ತೆಗೆದುಕೊಂಡ ಬೇರೆ ಆಸ್ಪತ್ರೆಗಳಲ್ಲಿ ಏರಿದರೂ ಇಲ್ಲಿ ಏರಲಿಲ್ಲ. ಅದರಿಂದ ಉಳಿದ ಹಣ, ಹೊಸ ನರ್ಸ್‌ಗಳಿಗೆ ಆದ ಖರ್ಚಿನ ಎರಡು ಪಟ್ಟಿಗಿಂತ ಜಾಸ್ತಿ.

ಇದನ್ನು ಯಾಕೆ ಹೇಳಿದೆ ಅಂದರೆ, ಈ ಅಧ್ಯಯನಗಳನ್ನು ಓದಿ, ನಿಮ್ಮ ಆಸ್ಪತ್ರೆಗೆ ಎಷ್ಟು ಅನ್ವಯ ಆಗುತ್ತವೆ, ಎಷ್ಟು ಆಗುವುದಿಲ್ಲ ಅಂತ ತೂಗಿ ನಿಮಗೆ ತಿಳಿಸಬೇಕಾದವರು ನಿಮ್ಮ ನರ್ಸಿಂಗ್ ಮುಖ್ಯಸ್ಥರು. ಈಗ ಆ ಕೆಲಸ ಯಾರು ಮಾಡುತ್ತಿದ್ದಾರೆ? ಸಾಮಾನ್ಯವಾಗಿ ಯಾರೂ ಇಲ್ಲ.

ಯಾರೂ ಇಲ್ಲದಿದ್ದರೆ ಎಲ್ಲಿಗೆ ಮುಟ್ಟಬಹುದು ಅನ್ನುವುದಕ್ಕೆ ಇಂಗ್ಲೆಂಡಿನ ಸ್ಟ್ಯಾಫರ್ಡ್ ಆಸ್ಪತ್ರೆಯ ಕಥೆ ಇದೆ. 2005ರಿಂದ 2009ರವರೆಗೆ ಅಲ್ಲಿ ನಡೆದದ್ದರ ಬಗ್ಗೆ ರಾಬರ್ಟ್ ಫ್ರಾನ್ಸಿಸ್ ನೇತೃತ್ವದ ಸಾರ್ವಜನಿಕ ವಿಚಾರಣೆಯ ವರದಿ 2013ರಲ್ಲಿ ಬಂತು. ಆಸ್ಪತ್ರೆಯ ಆಡಳಿತವು ಖರ್ಚು ಇಳಿಸುವುದರ ಹಿಂದೆ, ಗುರಿಗಳನ್ನು ಮುಟ್ಟುವುದರ ಹಿಂದೆ ಬಿದ್ದಿತ್ತು. ನರ್ಸ್‌ಗಳ ಸಂಖ್ಯೆ ತಗ್ಗಿಸಿತ್ತು. ರೋಗಿಗಳು ಒದ್ದೆಯಾದ, ಹೊಲಸಾದ ಹಾಸಿಗೆಯಲ್ಲೇ ಬಿದ್ದಿದ್ದರು. ಕುಡಿಯುವ ನೀರು ಕೈಗೆ ಎಟುಕುವ ಕಡೆ ಇರಲಿಲ್ಲ. ಮಂಡಳಿಯ ಮೇಜಿನ ಮೇಲಿನ ಕಾಗದಗಳಲ್ಲಿ ಇದು ಯಾವುದೂ ಕಾಣುತ್ತಿರಲಿಲ್ಲ. ವರದಿ 290 ಶಿಫಾರಸು ಮಾಡಿತು. ಅವುಗಳಲ್ಲಿ ಒಂದನ್ನು ನಾನು ವಿದ್ಯಾರ್ಥಿಗಳಿಗೆ ತಪ್ಪದೆ ಓದಿಸುತ್ತೇನೆ. ವಾರ್ಡ್ ಮ್ಯಾನೇಜರ್ ಮೇಲ್ವಿಚಾರಣೆಗೆ ಇರಬೇಕು, ಆಫೀಸಿನಲ್ಲಿ ಕಾಗದದ ಮಧ್ಯೆ ಸಿಕ್ಕಿಹಾಕಿಕೊಂಡಿರಬಾರದು, ತುರ್ತು ಬಿಟ್ಟರೆ ಪಾಳಿಯ ನರ್ಸ್‌ಗಳ ಲೆಕ್ಕದಲ್ಲೂ ಅವರನ್ನು ಸೇರಿಸಬಾರದು. ಹಾಗಿದ್ದರೆ ತಾನೇ ಅವರು ವಾರ್ಡನ್ನು ನೋಡಲು ಸಾಧ್ಯ?

ನಿಮ್ಮಿಂದ ಬರುವ ಆಕ್ಷೇಪಗಳು ನನಗೆ ಬಾಯಿಪಾಠ.

"ನಮ್ಮಲ್ಲಿ ಎಂಬಿಎ ಮಾಡಿದವರಿದ್ದಾರಲ್ಲ?" ಇರಲಿ. ಅವರು ಬೇಕು, ಅವರಿಂದ ನಾನೂ ಕಲಿತಿದ್ದೇನೆ. ಆದರೆ ಐಸಿಯುನಲ್ಲಿ ಒಬ್ಬ ನರ್ಸ್ ಕಡಿಮೆಯಾದರೆ ಮೊದಲು ಬಿಟ್ಟುಹೋಗುವ ಕೆಲಸ ಯಾವುದು ಅಂತ ಅವರಿಗೆ ಗೊತ್ತಿರಲ್ಲ. ಬಾಯಿ ಶುಚಿ ಮಾಡುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮನೆಯವರ ಜೊತೆ ಮಾತಾಡುವುದು. ಯಾವ ಬಿಲ್ಲಿನಲ್ಲೂ ಕಾಣದ ಕೆಲಸಗಳೇ ಮೊದಲು ಹೋಗುವುದು. ಆಮೇಲೆ ನ್ಯುಮೋನಿಯಾ ಆಗಿ, ಬೆನ್ನಿನ ಹುಣ್ಣಾಗಿ, ದೂರು ಪತ್ರವಾಗಿ ಅವು ಬಿಲ್ಲಿಗೆ ಬರುತ್ತವೆ.

"ನಾಯಕತ್ವ ಓದಿದರೆ ಬರುತ್ತಾ? ಹುಟ್ಟಿನಿಂದ ಬರಬೇಕು." ಕೆಲವರಿಗೆ ಮಾತು ಸಹಜವಾಗಿ ಬರುತ್ತದೆ, ನಿಜ. ಆದರೆ 5475 ಪಾಳಿಯ ಲೆಕ್ಕ ಯಾರ ರಕ್ತದಲ್ಲೂ ಇರುವುದಿಲ್ಲ. ಸರ್ಜನ್ ಹುಟ್ಟಿನಿಂದ ಬರಲಿ ಅಂತ ನೀವು ಕಾಯುತ್ತೀರಾ?

"ಓದಿಸಿದರೆ ಬಿಟ್ಟು ಹೋಗುತ್ತಾರೆ." ಇದಕ್ಕೆ ಸ್ವಲ್ಪ ನಿಂತು ಉತ್ತರ ಹೇಳಬೇಕು, ಯಾಕೆಂದರೆ ಈ ಭಯದಲ್ಲಿ ಹುರುಳಿದೆ. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಪ್ರಕಾರ ಪ್ರಪಂಚದಲ್ಲಿ 2.98 ಕೋಟಿ ನರ್ಸ್‌ಗಳಿದ್ದಾರೆ, ಇನ್ನೂ 58 ಲಕ್ಷ ಜನ ಕಡಿಮೆ ಇದ್ದಾರೆ. ಬೇಡಿಕೆ ಇರುವ ಕಡೆ ಜನ ಹೋಗಿಯೇ ಹೋಗುತ್ತಾರೆ. ನೀವು ಬಾಂಡ್ ಬರೆಸಿಕೊಳ್ಳುತ್ತೀರಿ. ಬಾಂಡ್ ಇರುವ ತನಕ ಇರುತ್ತಾರೆ, ಮುಗಿದ ದಿನ ಹೊರಡುತ್ತಾರೆ. ಅಷ್ಟು ದಿನವೂ ಅರ್ಧ ಮನಸ್ಸು ಹೊರಗೇ ಇರುತ್ತದೆ.

1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಹೀಗೇ ನರ್ಸ್‌ಗಳ ಬರ ಇತ್ತು. ಆಗ ಅಮೆರಿಕನ್ ಅಕಾಡೆಮಿ ಆಫ್ ನರ್ಸಿಂಗ್ ಒಂದು ಜಾಣ ಪ್ರಶ್ನೆ ಕೇಳಿತು. ಎಲ್ಲರೂ ಬಿಟ್ಟು ಹೋಗುತ್ತಿರುವಾಗ ಕೆಲವು ಆಸ್ಪತ್ರೆಗಳಲ್ಲಿ ಮಾತ್ರ ಜನ ಯಾಕೆ ಉಳಿಯುತ್ತಿದ್ದಾರೆ? ಅಂಥ 41 ಆಸ್ಪತ್ರೆಗಳನ್ನು ಹಿಡಿದು ನೋಡಿದರು. 1983ರಲ್ಲಿ ವರದಿ ಬಂತು. ಅಲ್ಲೆಲ್ಲ ಕಂಡದ್ದು ಹೆಚ್ಚು ಕಡಿಮೆ ಒಂದೇ. ಚೆನ್ನಾಗಿ ಓದಿಕೊಂಡ, ವಾರ್ಡಿನಲ್ಲಿ ಕಣ್ಣಿಗೆ ಬೀಳುವ, ಮಾತಿಗೆ ಸಿಗುವ ನರ್ಸಿಂಗ್ ಮುಖ್ಯಸ್ಥರಿದ್ದರು. ಆ ಮುಖ್ಯಸ್ಥರು ಆಸ್ಪತ್ರೆಯ ಮೇಲ್ಮಟ್ಟದ ಆಡಳಿತದಲ್ಲಿ ಕೂರುತ್ತಿದ್ದರು. ತಮ್ಮ ಕೆಲಸದ ಬಗ್ಗೆ ನಿರ್ಧಾರ ಮಾಡುವಾಗ ನರ್ಸ್‌ಗಳ ಮಾತಿಗೂ ಬೆಲೆ ಇತ್ತು. ನರ್ಸ್‌ಗಳನ್ನು ಆಯಸ್ಕಾಂತದ ಹಾಗೆ ಸೆಳೆದು ಉಳಿಸಿಕೊಳ್ಳುವ ಆಸ್ಪತ್ರೆಗೆ ಕೊಡುವ ಮ್ಯಾಗ್ನೆಟ್ ಆಸ್ಪತ್ರೆ ಅನ್ನುವ ಮನ್ನಣೆ ಮುಂದೆ ಹುಟ್ಟಿದ್ದು ಇದರಿಂದ. ಜನರನ್ನು ಉಳಿಸಿಕೊಳ್ಳಬೇಕಿದ್ದರೆ ನೋಡಬೇಕಾದದ್ದು ಇಲ್ಲಿ. ಓದು ನಿಲ್ಲಿಸಿ ಉಳಿಸಿಕೊಂಡವರು ಬೇರೆ ಕಡೆ ಕೆಲಸ ಸಿಗದೆ ಉಳಿದವರು ಅಷ್ಟೇ.

ಓದಿ ಬಂದವರನ್ನು ಏನು ಮಾಡುತ್ತೀರಿ ಅನ್ನುವುದಕ್ಕೆ ನಾನೇ ಸಾಕ್ಷಿ. ನಾನು ಪದವಿ ಮುಗಿಸಿ ಕೆಲಸಕ್ಕೆ ವಾಪಸ್ ಬಂದಾಗ ಸರ್ಟಿಫಿಕೇಟಿನ ಜೆರಾಕ್ಸ್ ಫೈಲಿಗೆ ಸೇರಿಸಿಕೊಂಡರು. ಅದೇ ವಾರ್ಡು, ಅದೇ ಮೇಜು. ಬಜೆಟ್ ಪತ್ರ ನೋಡಬಹುದಾ ಅಂತ ಕೇಳಿದ್ದಕ್ಕೆ "ಅದು ಅಕೌಂಟ್ಸ್‌ನವರ ಕೆಲಸ ಸಿಸ್ಟರ್, ನಿಮಗ್ಯಾಕೆ ತಲೆನೋವು" ಅಂದರು. ಪ್ರೀತಿಯಿಂದಲೇ ಅಂದರು. ನನ್ನ ವಾರ್ಡಿಗೆ ಎಷ್ಟು ಹಣ ಅಂತ ನನಗೆ ಗೊತ್ತಾಗಲಿಲ್ಲ, ಅದನ್ನು ಮೀರಿದ್ದೇನೆ ಅಂತ ಮಾತ್ರ ಪ್ರತಿ ತಿಂಗಳು ಗೊತ್ತಾಗುತ್ತಿತ್ತು. ಇಂಥ ಕಡೆ ಓದಿದವರು ಉಳಿಯುವುದಿಲ್ಲ. ನಾನೂ ಉಳಿಯಲಿಲ್ಲ.

ಅಧಿಕಾರ ಅಂದಾಗ ನೀವು ದೊಡ್ಡ ಕುರ್ಚಿಯ ಬಗ್ಗೆ ಯೋಚಿಸುತ್ತೀರೇನೋ. ನಾನು ಹೇಳುವುದು ಸಣ್ಣ ಅಧಿಕಾರಗಳ ಬಗ್ಗೆ. ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಪೀಟರ್ ಪ್ರೊನೊವೋಸ್ಟ್ ಅನ್ನುವ ಡಾಕ್ಟರ ತಂಡ ಮಾಡಿದ ಕೆಲಸ 2006ರಲ್ಲಿ ಪ್ರಕಟವಾಯಿತು. ದೊಡ್ಡ ರಕ್ತನಾಳಕ್ಕೆ ಸೆಂಟ್ರಲ್ ಲೈನ್ ಅನ್ನುವ ಕೊಳವೆ (ಕ್ಯಾತಿಟರ್) ಹಾಕುವಾಗ ಐದು ಹೆಜ್ಜೆ. ಕೈ ತೊಳೆಯಿರಿ, ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್‌ನಿಂದ ಒರೆಸಿ, ಮೈಪೂರ್ತಿ ಸ್ಟೆರೈಲ್ ಬಟ್ಟೆ ಹೊದಿಸಿ, ಆದಷ್ಟು ತೊಡೆಸಂದಿಯಲ್ಲಿ ಲೈನ್ ಹಾಕಬೇಡಿ, ಬೇಡವಾದ ಲೈನ್ ತೆಗೆದುಹಾಕಿ. ಯಾರಿಗೆ ಗೊತ್ತಿಲ್ಲ ಇದು? ಬದಲಾದದ್ದು ಬೇರೆ. ಬೇಕಾದ ಸಾಮಾನೆಲ್ಲ ಒಂದೇ ಟ್ರಾಲಿಯಲ್ಲಿ ಸಿಗುವ ಹಾಗೆ ಮಾಡಿದರು. ಡಾಕ್ಟರು ಒಂದು ಹೆಜ್ಜೆ ಬಿಟ್ಟರೆ ತುರ್ತು ಇಲ್ಲದಾಗ "ನಿಲ್ಲಿಸಿ" ಅನ್ನುವ ಅಧಿಕಾರ ನರ್ಸಿಗೆ ಕೊಟ್ಟರು. ಪ್ರತಿ ಐಸಿಯುನಲ್ಲೂ ಒಬ್ಬ ಡಾಕ್ಟರ್, ಒಬ್ಬ ನರ್ಸ್ ಜೋಡಿಯಾಗಿ ಮುಂದಾಳುಗಳು. ರೋಗಿಗಳ ಮೈಯಲ್ಲಿ ಲೈನ್ ಇದ್ದ ದಿನಗಳನ್ನೆಲ್ಲ ಕೂಡಿಸಿ ಎಣಿಸಿದಾಗ 1000 ದಿನಕ್ಕೆ 2.7 ಇದ್ದ ಸೋಂಕಿನ ಮಧ್ಯಾಂಕ (ಐಸಿಯುಗಳನ್ನು ಸಾಲಾಗಿ ಇಟ್ಟರೆ ನಟ್ಟನಡುವೆ ಬರುವ ಅಂಕಿ) ಮೂರು ತಿಂಗಳಲ್ಲಿ ಸೊನ್ನೆಗೆ ಬಂತು. ರಾತ್ರಿ ಎರಡು ಗಂಟೆಗೆ ಒಬ್ಬ ಹೊಸ ನರ್ಸ್ ಸೀನಿಯರ್ ಡಾಕ್ಟರಿಗೆ "ಸಾರ್, ನಿಲ್ಲಿಸಿ" ಅನ್ನಬೇಕಾದರೆ, ಬೆಳಗ್ಗೆ ತನ್ನ ಪರ ನಿಲ್ಲುವವರು ಇದ್ದಾರೆ ಅಂತ ಗೊತ್ತಿರಬೇಕು. ಆ ನಿಲ್ಲುವವರನ್ನು ತಯಾರು ಮಾಡುವ ಕೋರ್ಸಿನ ಬಗ್ಗೆ ನಾನು ಇಷ್ಟು ಹೊತ್ತು ಮಾತಾಡಿದ್ದು.

ಕೋರ್ಸು ನಡೆಸುವ ಕಾಲೇಜುಗಳಿಗೂ ಒಂದು ಮಾತು. ನಾನೂ ನಿಮ್ಮಲ್ಲೊಬ್ಬಳು, ಹಾಗಾಗಿ ನೇರವಾಗಿ ಹೇಳುತ್ತೇನೆ. ನಮ್ಮ ಪರೀಕ್ಷೆಗಳಲ್ಲಿ ಪರಿವರ್ತನಾತ್ಮಕ ನಾಯಕತ್ವದ ಲಕ್ಷಣ ಬರೆಯಿರಿ, ಐದು ಅಂಕ ಅಂತ ಕೇಳುತ್ತೇವೆ. ವಿದ್ಯಾರ್ಥಿ ಬರೆಯುತ್ತಾರೆ, ಅಂಕ ತೆಗೆದುಕೊಳ್ಳುತ್ತಾರೆ, ಮರೆಯುತ್ತಾರೆ. ಪ್ರಾಕ್ಟಿಕಲ್ ಅಂದರೆ ನರ್ಸಿಂಗ್ ಸೂಪರಿಂಟೆಂಡೆಂಟ್ ಹಿಂದೆ ಕೆಲವು ದಿನ ಓಡಾಡಿ, ಸಹಿ ಹಾಕಿಸಿಕೊಂಡು, ಹಿಂದಿನ ವರ್ಷದವರ ವರದಿ ನೋಡಿ ಬರೆದು ಕೊಡುವುದು. ನಾಮಕಾವಸ್ತೆ. ಇದರ ಬದಲು ಒಂದು ನಿಜವಾದ ವಾರ್ಡಿನ ಒಂದು ತಿಂಗಳ ಡ್ಯೂಟಿ ಚಾರ್ಟು, ರಜೆ ಅರ್ಜಿಗಳು, ಓವರ್‌ಟೈಮ್ ಬಿಲ್ಲು, ಬಿದ್ದ ರೋಗಿಗಳ ವರದಿ ಎಲ್ಲ ಕೈಗೆ ಕೊಟ್ಟು, ಹೆಸರುಗಳನ್ನು ತೆಗೆದು ಕೊಟ್ಟು, ಮುಂದಿನ ತಿಂಗಳ ಚಾರ್ಟು ಹಾಕಿಸಿ. ಅದನ್ನು ಆ ವಾರ್ಡಿನ ಇನ್‌ಚಾರ್ಜ್ ತಿದ್ದಲಿ. ಅಂಕ ಅವರೇ ಕೊಡಲಿ. ಸಿದ್ಧಾಂತ ಬೇಡ ಅಂತ ಹೇಳುತ್ತಿಲ್ಲ. ಆಸ್ಪತ್ರೆಯ ಗುಣಮಟ್ಟವನ್ನು ಸೌಲಭ್ಯ, ಕೆಲಸದ ರೀತಿ, ಫಲಿತಾಂಶ ಅಂತ ಮೂರು ಭಾಗ ಮಾಡಿ ನೋಡುವುದನ್ನು 1966ರಲ್ಲಿ ಅವೆಡಿಸ್ ಡೊನಬೀಡಿಯನ್ ಅನ್ನುವ ವೈದ್ಯರು ತೋರಿಸಿಕೊಟ್ಟರು, ಇವತ್ತಿಗೂ ನನಗೆ ಅದಕ್ಕಿಂತ ಕೆಲಸಕ್ಕೆ ಬರುವ ಸಲಕರಣೆ ಇಲ್ಲ. ಆದರೆ ಅದನ್ನು ನಾನು ಕಲಿತದ್ದು ಒಂದು ವಾರ್ಡಿನಲ್ಲಿ ಬೆನ್ನಿನ ಹುಣ್ಣು ಯಾಕೆ ಜಾಸ್ತಿ ಅಂತ ಹುಡುಕುವಾಗ. ಬ್ಲಾಕ್‌ಬೋರ್ಡಿನ ಮೇಲೆ ಓದಿದಾಗ ತಲೆಗೆ ಹತ್ತಿರಲೇ ಇಲ್ಲ.

ಮಂಡಳಿಯವರೇ, ಈಗ ಕೇಳಬೇಕಾದ್ದನ್ನು ಕೇಳಿಬಿಡುತ್ತೇನೆ. ಮುಂದಿನ ಎರಡು ವರ್ಷದಲ್ಲಿ ಯಾವ ಯಾವ ಇನ್‌ಚಾರ್ಜ್ ನಿವೃತ್ತರಾಗುತ್ತಾರೆ ಅಂತ ನಿಮ್ಮ ಹತ್ತಿರ ಪಟ್ಟಿ ಇದೆ. ಆ ಜಾಗಕ್ಕೆ ಬರಬಹುದಾದವರನ್ನು ಈಗಲೇ ಗುರುತಿಸಿ. ಬರೀ ಸೀನಿಯಾರಿಟಿ ನೋಡಬೇಡಿ, ಆಸಕ್ತಿ ಇದೆಯಾ ಅಂತ ಕೇಳಿ. ರೋಗಿಗಳನ್ನು ಬಿಟ್ಟು ಮೇಜಿನ ಹಿಂದೆ ಕೂರಲು ಇಷ್ಟವಿಲ್ಲದ ಅದ್ಭುತ ನರ್ಸ್‌ಗಳಿದ್ದಾರೆ. ಅವರಿಗೆ ಇನ್‌ಚಾರ್ಜ್ ಆಗದೆಯೂ ಸಂಬಳ ಏರುವ ದಾರಿ ಮಾಡಿಕೊಡಿ. ಓದಲು ಹೋಗುವವರಿಗೆ ಸಂಬಳ ಸಹಿತ ರಜೆ ಕೊಡಿ. ಪೂರ್ತಿ ಬಿಡಲು ಆಗದಿದ್ದರೆ ಕೆಲಸ ಮಾಡುತ್ತಲೇ ಓದುವ ಕೋರ್ಸಿಗೆ ಸೇರಿಸಿ, ಆದರೆ ಆ ಅವಧಿಯಲ್ಲಿ ನೈಟ್ ಡ್ಯೂಟಿ ಹಾಕಬೇಡಿ. ನೈಟ್ ಮುಗಿಸಿ ಬೆಳಗ್ಗೆ ಕ್ಲಾಸಿನಲ್ಲಿ ಕೂತು ತೂಕಡಿಸುವವರಿಗೆ ಪಾಠ ಮಾಡಿ ಮಾಡಿ ನನಗೂ ಸಾಕಾಗಿದೆ.

ಓದಿ ಬಂದವರ ಕೈಗೆ ವಾರ್ಡಿನ ಬಜೆಟ್ ಪತ್ರ ಕೊಡಿ. ಮೊದಲ ವರ್ಷ ಅಕೌಂಟ್ಸ್‌ನವರು ಪಕ್ಕ ಕೂತು ಹೇಳಿಕೊಡಲಿ. ನರ್ಸಿಂಗ್ ಮುಖ್ಯಸ್ಥರಿಗೆ ನಿಮ್ಮ ಮಂಡಳಿಯ ಸಭೆಯಲ್ಲಿ ಜಾಗ ಕೊಡಿ. ಕರೆದಾಗ ಬಂದು ಉತ್ತರ ಹೇಳಿ ಹೋಗುವ ಜಾಗ ಸಾಲದು, ಸಭೆ ಮುಗಿಯುವ ತನಕ ಕೂತು ಮತ ಹಾಕುವ ಜಾಗ ಬೇಕು.

ಕೊನೆಯದು ಚಿಕ್ಕ ವಿಷಯ, ಆದರೆ ಎಲ್ಲ ಯೋಜನೆಗಳೂ ಕುಸಿದು ಬೀಳುವುದು ಇದರ ಮೇಲೆಯೇ. ಓದಿನ ರಜೆಯ ಅರ್ಜಿಗೆ ನೀವು ಸಹಿ ಹಾಕುತ್ತೀರಿ, ಫೋಟೋ ತೆಗೆಸಿಕೊಳ್ಳುತ್ತೀರಿ. ಅವರ ಬದಲಿಗೆ ವಾರ್ಡಿಗೆ ಯಾರು ಅಂತ ಯಾರೂ ಬರೆದಿರುವುದಿಲ್ಲ. ಆ ಹೊರೆ ಉಳಿದವರ ತಲೆಗೆ ಬರುತ್ತದೆ. ಓದಲು ಹೋದವರ ಮೇಲೆ ವಾರ್ಡಿನವರಿಗೇ ಸಿಟ್ಟು, ಹೋದವರಿಗೆ ಸಂಕೋಚ, ಮುಂದಿನ ವರ್ಷ ಅರ್ಜಿ ಹಾಕುವವರೇ ಇಲ್ಲ. ಅದಕ್ಕೇ ಕೇಳುತ್ತಿದ್ದೇನೆ: ಆ ಅರ್ಜಿಯಲ್ಲಿ ಬದಲಿ ನರ್ಸಿನ ಹೆಸರು ಬರೆಯಲು ಒಂದು ಸಾಲು ಸೇರಿಸಿ. ಆ ಸಾಲು ತುಂಬದ ಅರ್ಜಿಗೆ ಸಹಿ ಹಾಕಬೇಡಿ, ಬದಲಿ ಹುಡುಕುವ ಕೆಲಸವನ್ನು ಅರ್ಜಿದಾರರ ತಲೆಗೂ ಕಟ್ಟಬೇಡಿ. ಅದು ನಿಮ್ಮ ಕೆಲಸ.

ಇತಿ,
ವಾರ್ಡಿನಿಂದ ಬಂದ ಒಬ್ಬ ನರ್ಸಿಂಗ್ ಆಡಳಿತ ಶಿಕ್ಷಕಿ